ಹಿಮ್ಮಡಿ ಮೂಳೆ ಮುರಿದಾಗ ಸಿ.ಟಿ. ಸ್ಕ್ಯಾನ್ ಯಾಕೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮೈಸೂರಿನಲ್ಲಿ ಸ್ಕ್ಯಾನ್ ಓದುವ ಡಾಕ್ಟರ್. ರೇಡಿಯಾಲಜಿಸ್ಟ್ ಅನ್ನುತ್ತಾರಲ್ಲ, ಅದು. ಮಬ್ಬು ಬೆಳಕಿನ ಕೋಣೆಯಲ್ಲಿ ಕೂತು ಚಿತ್ರ ನೋಡಿ ರಿಪೋರ್ಟ್ ಬರೆಯುವುದು ನನ್ನ ಕೆಲಸ. ಹಿಮ್ಮಡಿ ಮೂಳೆ ಮುರಿದುಕೊಂಡು ಬರುವವರಲ್ಲಿ ಮಂಡ್ಯ, ಮದ್ದೂರು, ಶ್ರೀರಂಗಪಟ್ಟಣ, ಟಿ. ನರಸೀಪುರದ ಕಡೆಯವರು ಬಹಳ. ತೆಂಗಿನ ಮರದಿಂದ ಬಿದ್ದವರು, ಸಾರುವೆ ಮೇಲಿಂದ ಜಾರಿದ ಗಾರೆ ಕೆಲಸದವರು, ಏಣಿ ಸಮೇತ ಬಿದ್ದ ಪೇಂಟರ್‌ಗಳು, ಹೈವೇಯಲ್ಲಿ ಬೈಕು ಗುದ್ದಿಸಿಕೊಂಡ ಹುಡುಗರು. ಅವರೂ ಅವರ ಮನೆಯವರೂ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ‘ಹಿಮ್ಮಡಿ ಒಡೆದಿದೆ’ ಅಂದರೆ ಚರ್ಮದ ಬಿರುಕು. ಅದಕ್ಕೆ ಮುಲಾಮು ಸಾಕು. ಇಲ್ಲಿ ಹೇಳುತ್ತಿರುವುದು ಒಳಗಿನ ಮೂಳೆಯ ವಿಷಯ.

ಹಿಮ್ಮಡಿ ಮೂಳೆ ಅಷ್ಟು ಗಟ್ಟಿ ಅಲ್ವಾ ಮೇಡಂ, ಅದು ಹೇಗೆ ಮುರಿಯುತ್ತೆ?

ಪಾದದ ಹಿಂದಿನ ಮತ್ತು ನಡುವಿನ ಏಳು ಮೂಳೆಗಳಲ್ಲಿ ಇದೇ ದೊಡ್ಡದು. ಹೆಸರು ಕ್ಯಾಲ್ಕೇನಿಯಸ್. ದೊಡ್ಡದು ನಿಜ, ಆದರೆ ಒಳಗೂ ಹೊರಗೂ ಒಂದೇ ಸಮ ಗಟ್ಟಿಯಲ್ಲ. ಹೊರಗೆ ತೆಳು ಸಿಪ್ಪೆ, ಒಳಗೆ ರಸ್ಕಿನ ಹಾಗೆ ತೂತು ತೂತು. ದಿನಾ ನಡೆಯುವ ಭಾರ ತಡೆಯೋಕೆ ಇಷ್ಟು ಸಾಕು. ಹತ್ತಡಿ ಮೇಲಿಂದ ಹಿಮ್ಮಡಿ ಊರಿ ಬಿದ್ದರೆ ಸಾಲದು.

ಅದರ ಮೇಲೆ ಟೇಲಸ್ ಅನ್ನುವ ಇನ್ನೊಂದು ಮೂಳೆ ಕೂತಿದೆ. ಬಿದ್ದಾಗ ಮೈಭಾರವೆಲ್ಲ ಟೇಲಸ್ ಮೂಲಕವೇ ಕೆಳಗಿಳಿಯಬೇಕು. ಸೌದೆ ಸೀಳುವಾಗ ಬೆಣೆ ಇಟ್ಟು ಹೊಡೆಯುತ್ತೇವಲ್ಲ, ಹಾಗೆ ಟೇಲಸ್ಸೇ ಬೆಣೆಯಾಗಿ ಹಿಮ್ಮಡಿ ಮೂಳೆಯನ್ನು ಸೀಳುತ್ತದೆ. ಮೊದಲ ಸೀಳಿಗೆ ಸಾಮಾನ್ಯವಾಗಿ ಎರಡು ಹೋಳು. ಒಳಮಗ್ಗುಲಿನ ಹೋಳು ಗಟ್ಟಿ ನಾರುಗಳಿಂದ ಟೇಲಸ್ಸಿಗೆ ಬಿಗಿದುಕೊಂಡಿದೆ, ಹಾಗಾಗಿ ಬಹುತೇಕ ಇದ್ದಲ್ಲೇ ಉಳಿಯುತ್ತದೆ. ಹೊರಮಗ್ಗುಲಿನದು ಕುಸಿದು ಪಕ್ಕಕ್ಕೆ ಹರಡುತ್ತದೆ. ಹಿಮ್ಮಡಿ ಗಿಡ್ಡವಾಗುತ್ತದೆ, ಅಗಲವಾಗುತ್ತದೆ.

ಈ ಎರಡು ಮೂಳೆ ಸೇರುವಲ್ಲಿ ಒಂದು ಕೀಲಿದೆ. ಸಬ್‌ಟೇಲಾರ್ ಕೀಲು ಅಂತಾರೆ. ದೊಡ್ಡವರಲ್ಲಿ ಹಿಮ್ಮಡಿ ಮೂಳೆ ಮುರಿದರೆ ಸುಮಾರು ನಾಲ್ಕರಲ್ಲಿ ಮೂರು ಸಲ ಸೀಳು ಈ ಕೀಲಿನೊಳಕ್ಕೆ ಹೋಗಿರುತ್ತದೆ. ಈ ಪುಟದ ಅರ್ಧ ಮಾತು ಆ ಕೀಲಿನದೇ.

ಉಳುಕೋ ಮುರಿದಿದೆಯೋ ಮನೇಲೇ ಗೊತ್ತಾಗುತ್ತಾ?

ಪೂರ್ತಿ ಗೊತ್ತಾಗುವುದಿಲ್ಲ. ಕೆಲವು ಗುರುತು ಮಾತ್ರ ನೆನಪಿಡಿ. ಎತ್ತರದಿಂದ ಬಿದ್ದಿದ್ದು, ಹಿಮ್ಮಡಿ ಊರಲು ಆಗುತ್ತಲೇ ಇಲ್ಲ, ಎರಡೂ ಕಡೆಯಿಂದ ಹಿಮ್ಮಡಿಯನ್ನು ಒತ್ತಿದರೆ ಜೀವ ಹೋಗುವ ನೋವು ಅಂದರೆ ಉಳುಕು ಅಂದುಕೊಳ್ಳಬೇಡಿ. ಒಂದೆರಡು ದಿನದಲ್ಲಿ ಅಂಗಾಲಿನವರೆಗೂ ನೀಲಿಗಟ್ಟಿದರೆ ಬಹುತೇಕ ಮುರಿದಿದೆ ಅಂತಲೇ ಲೆಕ್ಕ. ಸುಮ್ನೆ ಉಳುಕಿದ ಕಾಲಿಗೆ ಗಿಣ್ಣಿನ ಸುತ್ತ ನೀಲಿಯಾಗುತ್ತದೆ, ಅಂಗಾಲಿಗೆ ಬರುವುದು ಅಪರೂಪ.

ಎಕ್ಸ್‌ರೇ ತೆಗೆಸಿದ್ದೀವಲ್ಲ, ಮತ್ತೆ ಸಿ.ಟಿ. ಯಾಕೆ? ದುಡ್ಡು ಮಾಡೋಕಾ?

ಈ ಪ್ರಶ್ನೆಯನ್ನು ಮುಖದ ಮೇಲೆ ಕೇಳುವವರು ನನಗೆ ಇಷ್ಟ. ಹಿಂದೆ ಮಾತಾಡಿಕೊಳ್ಳುವುದಕ್ಕಿಂತ ಅದು ವಾಸಿ.

ಎಕ್ಸ್‌ರೇ ಮೊದಲು ಬೇಕೇ ಬೇಕು. ಮುರಿದಿದೆಯೋ ಇಲ್ಲವೋ ಅನ್ನುವುದನ್ನು ಸಾಮಾನ್ಯವಾಗಿ ಅದೇ ಹೇಳುತ್ತದೆ. ಪಕ್ಕದಿಂದ ತೆಗೆದ ಎಕ್ಸ್‌ರೇಯಲ್ಲಿ ಮೂಳೆಯ ಮೇಲಂಚಿಗೆ ಎರಡು ಗೆರೆ ಎಳೆದು ಒಂದು ಕೋನ ಅಳೆಯುತ್ತೇವೆ. ಇದಕ್ಕೆ ಬೋಲರ್ ಕೋನ ಅಂತ ಹೆಸರು. ಆಸ್ಟ್ರಿಯಾದ ಲೊರೆಂಜ್ ಬೋಲರ್ ಎಂಬ ಮೂಳೆ ಡಾಕ್ಟರ್ 1931ರಲ್ಲಿ ಬರೆದದ್ದು. ಸರಿಯಿರುವ ಕಾಲಿನಲ್ಲಿ ಅದು 20ರಿಂದ 40 ಡಿಗ್ರಿ. ಮೂಳೆ ಕುಸಿದರೆ ಕೋನ ಇಳಿಯುತ್ತದೆ. ಕೆಲವೊಮ್ಮೆ ಸೊನ್ನೆ, ಕೆಲವೊಮ್ಮೆ ಸೊನ್ನೆಗಿಂತಲೂ ಕೆಳಗೆ. ಸುಮಾರು ತೊಂಬತ್ತು ವರ್ಷ ಕಳೆದರೂ ಇವತ್ತಿಗೂ ನಾವು ಅದನ್ನೇ ಅಳೆಯುತ್ತೇವೆ.

ಆದರೆ ಎಕ್ಸ್‌ರೇ ಅಂದರೆ ನೆರಳು. ಗೋಡೆ ಮೇಲೆ ಬಿದ್ದ ಕೈ ನೆರಳು ನೋಡಿ ಬೆರಳು ಎಲ್ಲಿ ಬಾಗಿದೆ ಅಂತ ಹೇಳಬಹುದು, ಅಂಗೈಯಲ್ಲಿ ಗಾಯ ಎಷ್ಟು ಆಳ ಅಂತ ಹೇಳಲಾಗದು. ಹಿಮ್ಮಡಿ ಮೂಳೆಯ ಆಕಾರವೇ ಅಂಕುಡೊಂಕು. ಒಂದರ ಹಿಂದೆ ಒಂದು ಅಂಚು ಬಂದು ಎಲ್ಲ ಒಂದೇ ನೆರಳಾಗುತ್ತದೆ. ಹಿಂದೆ ಸಿ.ಟಿ. ಇಲ್ಲದಾಗ ನೋವಿರುವ ಕಾಲನ್ನೇ ಹಲವು ಕೋನಕ್ಕೆ ತಿರುಗಿಸಿ ನಾಲ್ಕೈದು ಎಕ್ಸ್‌ರೇ ತೆಗೆಯುತ್ತಿದ್ದರು. ಪಾಪ, ಆ ರೋಗಿಯ ಗತಿ.

ಮೂಳೆ ಡಾಕ್ಟರಿಗೆ ಬೇಕಾದ ಉತ್ತರ ಬೇರೆ. ಮುರಿದಿದೆ ಅನ್ನುವುದು ಅವರಿಗೆ ಆಗಲೇ ಗೊತ್ತು. ಕೀಲಿನ ನುಣುಪು ಹಾಸು ಎಷ್ಟು ಹೋಳಾಗಿದೆ, ಯಾವ ಹೋಳು ಎಷ್ಟು ಮಿಲಿಮೀಟರ್ ಕುಸಿದಿದೆ, ಅದನ್ನು ಎತ್ತಿ ಕೂರಿಸಲು ಆಗುತ್ತದಾ ಅನ್ನುವುದು ಬೇಕು. ಅದನ್ನು ಹೇಳುವುದು ಸಿ.ಟಿ.

ಸಿ.ಟಿ. ಹೇಗೆ ಕೆಲಸ ಮಾಡುತ್ತೆ?

ದೊಡ್ಡ ಬಳೆಯಂಥ ಮಿಷನ್. ಅದರೊಳಗೆ ಎಕ್ಸ್‌ರೇ ಟ್ಯೂಬು ಕಾಲಿನ ಸುತ್ತ ಗಿರಗಿರ ತಿರುಗುತ್ತದೆ. ಎಲ್ಲ ಕಡೆಯಿಂದ ಬಂದ ಲೆಕ್ಕ ಕೂಡಿಸಿ ಕಂಪ್ಯೂಟರ್ ತೆಳ್ಳನೆಯ ಹೋಳುಗಳನ್ನು ಕಟ್ಟುತ್ತದೆ. ಬಾಳೆದಿಂಡು ಹೆಚ್ಚುತ್ತೇವಲ್ಲ, ಹಾಗೆ. ಒಂದೊಂದು ಹೋಳು ಒಂದು ಮಿಲಿಮೀಟರ್ ಅಥವಾ ಇನ್ನೂ ತೆಳು. ಲಂಡನ್ನಿನಲ್ಲಿ 1971ರಲ್ಲಿ ಮೊದಲ ರೋಗಿಗೆ ಸಿ.ಟಿ. ಮಾಡಿದ್ದು ಮಿದುಳು ನೋಡಲು. ಅದನ್ನು ಕಟ್ಟಿದ ಹೌನ್ಸ್‌ಫೀಲ್ಡ್ ಡಾಕ್ಟರಲ್ಲ, ಎಂಜಿನಿಯರ್. 1979ರಲ್ಲಿ ಕಾರ್ಮ್ಯಾಕ್ ಜೊತೆ ನೊಬೆಲ್ ಬಂತು.

ಆ ಚಿತ್ರದಲ್ಲಿ ನೀವು ಏನು ಹುಡುಕುತ್ತೀರಿ?

ಒಂದೇ ಸಲ ಕಾಲಿಟ್ಟರೆ ಸಾಕು, ಆಮೇಲೆ ಕಂಪ್ಯೂಟರಿನಲ್ಲಿ ಮೂಳೆಯನ್ನು ಯಾವ ದಿಕ್ಕಿನಿಂದ ಬೇಕಾದರೂ ಹೆಚ್ಚಿ ನೋಡಬಹುದು. ನಾನು ಮೂರು ದಿಕ್ಕಿನಿಂದ ನೋಡುತ್ತೇನೆ.

ಪಕ್ಕದಿಂದ ಹೆಚ್ಚಿದಾಗ ಮೂಳೆ ಎಷ್ಟು ಕುಸಿದಿದೆ ಅನ್ನುವುದು ಕಾಣುತ್ತದೆ. ಕೀಲಿನ ಹೋಳು ಕೆಳಗೆ ಒತ್ತಿಕೊಂಡು ಮುಂದಕ್ಕೆ ಉರುಳಿರುತ್ತದೆ ಕೆಲವೊಮ್ಮೆ. ಅಂಗಾಲಿಗೆ ಸಮನಾಗಿ ಹೆಚ್ಚಿದಾಗ ಸೀಳು ಮುಂದಿನ ಕ್ಯೂಬಾಯ್ಡ್ ಮೂಳೆಯ ಕೀಲಿಗೂ ಹೋಗಿದೆಯಾ, ಹೊರಗೋಡೆ ಉಬ್ಬಿದೆಯಾ ಅಂತ ನೋಡುತ್ತೇನೆ. ಇವೆರಡನ್ನು ಬೇಗ ಮುಗಿಸಿ ಮೂರನೆಯದಕ್ಕೆ ಬರುತ್ತೇನೆ. ಮೂಳೆ ಡಾಕ್ಟರು ಫೋನ್ ಮಾಡಿದರೆ ಮೊದಲು ಕೇಳುವುದೂ ಅದನ್ನೇ.

ಅದು ಎದುರಿನಿಂದ, ಸ್ವಲ್ಪ ವಾಲಿಸಿ ಹೆಚ್ಚಿದ ಹೋಳು. ಕೀಲಿನ ಹಿಂಭಾಗದ ದೊಡ್ಡ ಹಾಸಿನ ಮೇಲ್ಮೈಗೆ ಲಂಬವಾಗಿ ಬರಬೇಕು. ಸುಮ್ನೆ ನೇರ ಹೆಚ್ಚಿದರೆ ಹಾಸು ಓರೆಯಾಗಿ ಕತ್ತರಿಸಿ, ಇಲ್ಲದ ಮೆಟ್ಟಿಲು ಇರುವ ಹಾಗೆ ಕಾಣುತ್ತದೆ. ಸರಿಯಾಗಿ ವಾಲಿಸಿ ನೋಡಿದರೆ ಕೀಲಿನ ಮೇಲಿನ ಅರ್ಧ ಒಂದು ಕಮಾನು, ಕೆಳಗಿನ ಅರ್ಧ ಅದಕ್ಕೆ ಹೊಂದುವ ಇನ್ನೊಂದು ಕಮಾನು, ಮಧ್ಯೆ ಒಂದೇ ಅಗಲದ ಕಪ್ಪು ಗೆರೆ. ಮುರಿದಾಗ ಆ ಗೆರೆ ಕೆಡುತ್ತದೆ. ಎಲ್ಲಿ ಮೆಟ್ಟಿಲಾಗಿದೆ, ಎಲ್ಲಿ ಸಂದು ಬಿಟ್ಟಿದೆ, ಎಷ್ಟು ಮಿಲಿಮೀಟರ್. ಎರಡು ಮಿಲಿಮೀಟರ್ ಒಂದು ಗಡಿ. ರಾಗಿ ಕಾಳಿನ ಗಾತ್ರದ ಆಸುಪಾಸು, ಅಷ್ಟೇ. ಅಷ್ಟಕ್ಕೆ ಯಾಕೆ ಇಷ್ಟು ತಲೆ ಕೆಡಿಸಿಕೊಳ್ಳುತ್ತೀರಿ ಅಂತ ಕೇಳುತ್ತಾರೆ. ಬೀಸುವ ಕಲ್ಲಿನ ಎರಡು ಹಾಸಿನ ನಡುವೆ ಒಂದು ಏಣು ಎದ್ದಿದ್ದರೆ ದಿನಾ ತಿರುಗಿ ತಿರುಗಿ ಏನಾಗುತ್ತೆ ಯೋಚಿಸಿ. ಕೀಲಿಗೂ ಅದೇ ಆಗುತ್ತದೆ. ಸವೆದು ಸವೆದು ಸಂಧಿವಾತ.

ಅದೇ ಚಿತ್ರದಲ್ಲಿ ಮೂಳೆಯ ಒಳಮಗ್ಗುಲಿನ ಪುಟ್ಟ ಚಾಚು, ಸಸ್ಟೆಂಟಾಕ್ಯುಲಂ, ಗಟ್ಟಿಯಾಗಿದೆಯಾ ಅಂತ ನೋಡುತ್ತೇನೆ. ಇದ್ದಲ್ಲೇ ಉಳಿಯುತ್ತದೆ ಅಂದೆನಲ್ಲ, ಆ ಹೋಳು. ಆಪರೇಷನ್ ಮಾಡುವವರು ಉಳಿದ ಚೂರುಗಳನ್ನು ಸ್ಕ್ರೂ ಹಾಕಿ ಹಿಡಿಸುವುದು ಸಾಮಾನ್ಯವಾಗಿ ಇದಕ್ಕೇ. ಗೂಟವೇ ಅಲ್ಲಾಡುತ್ತಿದ್ದರೆ ಹಸು ಕಟ್ಟಿ ಏನು ಪ್ರಯೋಜನ?

ಕೊನೆಗೆ ಮೂಳೆ ಬಿಟ್ಟು ಮಾಂಸದ ಕಡೆ ತಿರುಗುತ್ತೇನೆ. ಹೊರಮಗ್ಗುಲಿನ ಗಿಣ್ಣಿನ ಹಿಂದೆ ಎರಡು ಸ್ನಾಯುರಜ್ಜು, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ನಾರು, ಇಳಿಯುತ್ತವೆ. ಮೂಳೆ ಪಕ್ಕಕ್ಕೆ ಉಬ್ಬಿದಾಗ ಅವು ಜಾಗ ಬಿಟ್ಟು ಹೊರಗೆ ಹಾರಿರಬಹುದು, ಇಲ್ಲ ಚೂರುಗಳ ನಡುವೆ ಸಿಕ್ಕಿಕೊಂಡಿರಬಹುದು. ಇದನ್ನು ರಿಪೋರ್ಟಿನಲ್ಲಿ ಬರೆಯದೆ ಬಿಟ್ಟರೆ ಮೂಳೆ ಕೂಡಿದ ಮೇಲೂ ನೋವು ಹೋಗುವುದಿಲ್ಲ, ಯಾಕೆ ಅಂತ ಯಾರಿಗೂ ತಿಳಿಯುವುದಿಲ್ಲ.

ರಿಪೋರ್ಟಿನಲ್ಲಿ ‘ಸ್ಯಾಂಡರ್ಸ್ ಟೈಪ್ 3’ ಅಂತ ಬರೆದಿದೆ. ತುಂಬಾ ಸೀರಿಯಸ್ಸಾ?

ಕ್ಯಾನ್ಸರಿನ ಮೂರನೇ ಸ್ಟೇಜಿನ ಹಾಗೆ ಅಂದುಕೊಂಡು ಅತ್ತವರನ್ನು ನೋಡಿದ್ದೇನೆ. ಅದಲ್ಲ ಇದು. ಜೀವಕ್ಕೇನೂ ಅಪಾಯವಿಲ್ಲ.

ಅಮೆರಿಕದ ರಾಯ್ ಸ್ಯಾಂಡರ್ಸ್ ಎಂಬ ಮೂಳೆ ತಜ್ಞರು 1993ರಲ್ಲಿ ಪ್ರಕಟಿಸಿದ ವಿಂಗಡಣೆ. ಮೇಲೆ ಹೇಳಿದ, ವಾಲಿಸಿ ಹೆಚ್ಚಿದ ಚಿತ್ರದಲ್ಲಿ, ಕೀಲಿನ ಹಾಸು ಅತಿ ಅಗಲ ಇರುವಲ್ಲಿ ನಿಂತು ಚೂರು ಎಣಿಸುವುದು. ಎಷ್ಟೇ ಸೀಳಿರಲಿ, ಯಾವುದೂ ಎರಡು ಮಿಲಿಮೀಟರಿನಷ್ಟು ಸರಿದಿಲ್ಲ ಅಂದರೆ ಟೈಪ್ 1. ಹಾಸು ಎರಡು ಹೋಳಾಗಿ ಸರಿದಿದ್ದರೆ 2. ಮೂರು ಹೋಳಾಗಿದ್ದರೆ 3, ಇದರಲ್ಲಿ ನಡುವಿನ ಹೋಳು ಸಾಮಾನ್ಯವಾಗಿ ಒಳಕ್ಕೆ ಕುಸಿದಿರುತ್ತದೆ. ನಾಲ್ಕು ಅಥವಾ ಜಾಸ್ತಿಯಾದರೆ 4. ಪಕ್ಕದಲ್ಲಿ ಎ, ಬಿ, ಸಿ ಅಂತ ಇದ್ದರೆ ಅದು ಸೀಳು ಎಲ್ಲಿದೆ ಅನ್ನುವ ಗುರುತು. ಎ ಹೊರಮಗ್ಗುಲು, ಸಿ ಒಳಮಗ್ಗುಲು. ಸೀಳು ಒಳಕ್ಕೆ ಹೋದಷ್ಟೂ ಆಪರೇಷನ್ನಿನಲ್ಲಿ ಅದನ್ನು ಕಣ್ಣಿಂದ ನೋಡಿ ಕೂರಿಸುವುದು ಕಷ್ಟ.

ನಂಬರ್ ಏರಿದಷ್ಟೂ ಮುಂದೆ ಕೀಲು ಸವೆಯುವ ಸಾಧ್ಯತೆ ಜಾಸ್ತಿ. ಟೈಪ್ 4ರಲ್ಲಿ ಚೂರು ಜೋಡಿಸುವ ಬದಲು, ಇಲ್ಲ ಜೋಡಿಸಿ, ಕೀಲನ್ನೇ ಬೆಸೆಯುವ ಯೋಚನೆಯನ್ನೂ ಕೆಲವು ಡಾಕ್ಟರು ಮಾಡುತ್ತಾರೆ.

ಒಳಗಿನ ಮಾತೊಂದು ಹೇಳುತ್ತೇನೆ. ಒಂದೇ ಸ್ಕ್ಯಾನನ್ನು ಇಬ್ಬರು ಅನುಭವಸ್ಥರಿಗೆ ಕೊಟ್ಟರೆ ಒಬ್ಬರು 2 ಅನ್ನಬಹುದು, ಇನ್ನೊಬ್ಬರು 3 ಅನ್ನಬಹುದು. ಇದು ನಮ್ಮ ಕ್ಷೇತ್ರದಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ. ಹಾಗಾಗಿ ನಂಬರಿಗಿಂತ ಅದರ ಕೆಳಗಿನ ವಿವರ ಮುಖ್ಯ. ನಿಮ್ಮ ಮೂಳೆ ಡಾಕ್ಟರು ರಿಪೋರ್ಟ್ ಪಕ್ಕಕ್ಕಿಟ್ಟು ಚಿತ್ರಗಳನ್ನು ತಾವೇ ತಿರುಗಿಸಿ ನೋಡುತ್ತಿದ್ದರೆ ನನಗೆ ಬೇಜಾರಿಲ್ಲ. ಅಂಥವರೇ ಒಳ್ಳೆಯವರು.

‘ಟಂಗ್ ಟೈಪ್’ ಅಂದರೇನು?

ಮೂಳೆಯ ಹಿಂದಿನ ತುದಿ ಕೀಲಿನ ಹಾಸಿನ ಜೊತೆಗೇ ಒಂದು ಉದ್ದನೆಯ ಚಕ್ಕೆಯಾಗಿ ಎದ್ದಿರುತ್ತದೆ. ನಾಲಿಗೆ ಚಾಚಿದ ಹಾಗೆ ಕಾಣುವುದರಿಂದ ಆ ಹೆಸರು. ಮೀನಖಂಡದಿಂದ ಬರುವ ದಪ್ಪ ನಾರು, ಅಕಿಲಿಸ್, ಆ ಚಕ್ಕೆಯನ್ನು ಮೇಲಕ್ಕೆ ಎಳೆಯುತ್ತಲೇ ಇರುತ್ತದೆ. ಚಕ್ಕೆಯ ತುದಿ ಹಿಂದಿನ ಚರ್ಮವನ್ನು ಒಳಗಿನಿಂದ ತಳ್ಳುತ್ತಿದ್ದರೆ ಕಾಯುವ ಹಾಗಿಲ್ಲ. ಚರ್ಮ ಬಿಳುಚಿ, ಗಂಟೆಗಳಲ್ಲೇ ಸತ್ತುಹೋಗಬಹುದು. ಇಂಥದ್ದು ಕಂಡರೆ ನಾನು ರಿಪೋರ್ಟ್ ಟೈಪ್ ಮಾಡುವ ಮೊದಲು ಡಾಕ್ಟರಿಗೆ ಫೋನ್ ಮಾಡುತ್ತೇನೆ.

ಆ ಬಣ್ಣದ ತ್ರೀಡಿ ಚಿತ್ರ ಬೇಕೇ ಬೇಕಾ?

ಚೆಂದ ಇರುತ್ತದೆ, ವಾಟ್ಸಾಪಿನಲ್ಲಿ ಬಂಧುಗಳಿಗೆಲ್ಲ ಹೋಗುತ್ತದೆ. ಒಟ್ಟಾರೆ ಆಕಾರ, ಹಿಮ್ಮಡಿ ಎಷ್ಟು ವಾಲಿದೆ ಅನ್ನುವುದು ಒಂದೇ ನೋಟಕ್ಕೆ ತಿಳಿಯುತ್ತದೆ. ರೋಗಿಗೆ ವಿವರಿಸಲೂ ಅನುಕೂಲ. ಆದರೆ ಅದು ಸಣ್ಣ ಬಿರುಕುಗಳನ್ನು ನುಣ್ಣಗೆ ಸವರಿಬಿಡುತ್ತದೆ. ತೀರ್ಮಾನ ಮಾಡುವುದು ಕಪ್ಪುಬಿಳುಪು ಹೋಳುಗಳನ್ನು ನೋಡಿಯೇ.

ಹಾಗಾದ್ರೆ ಹಿಮ್ಮಡಿ ನೋವು ಇರೋರೆಲ್ಲ ಸಿ.ಟಿ. ಮಾಡಿಸಬೇಕಾ?

ಬೇಡವೇ ಬೇಡ. ಬೆಳಿಗ್ಗೆ ಎದ್ದು ಮೊದಲ ಹೆಜ್ಜೆಗೆ ಚುಚ್ಚುವ ನೋವು, ಆಮೇಲೆ ಕಡಿಮೆ ಅಂದರೆ ಅದು ಅಂಗಾಲಿನ ನಾರಿನ ತೊಂದರೆ. ಸಿ.ಟಿ.ಯಿಂದ ಏನೂ ಉಪಯೋಗವಿಲ್ಲ. ಬೀಳದೆಯೇ, ತುಂಬಾ ಓಡಿ ಅಥವಾ ನಡೆದು ಮೂಳೆಗೆ ಕೂದಲೆಳೆ ಬಿರುಕು ಬಂದಿದೆ ಅಂತ ಅನುಮಾನವಿದ್ದರೆ ಅದಕ್ಕೆ ಎಂ.ಆರ್.ಐ. ಮೇಲು. ಪೊಲೀಸ್ ಕೆಲಸಕ್ಕೆ ಓಟದ ತಯಾರಿ ಮಾಡುವ ಹುಡುಗರು ಇದನ್ನು ನೆನಪಿಡಿ.

ಕೀಲಿನಿಂದ ದೂರ, ಅಂಚಿನಲ್ಲಿ ಸಣ್ಣ ಚಕ್ಕೆ ಎದ್ದಿದ್ದು ಎಕ್ಸ್‌ರೇಯಲ್ಲಿ ಸ್ಪಷ್ಟವಾಗಿ ಕಂಡರೂ ಎಷ್ಟೋ ಸಲ ಸಿ.ಟಿ. ಬೇಕಾಗುವುದಿಲ್ಲ. ಸ್ಕ್ಯಾನ್ ಬರೆದುಕೊಟ್ಟಾಗ ‘ಇದರಿಂದ ಚಿಕಿತ್ಸೆ ಏನಾದರೂ ಬದಲಾಗುತ್ತಾ ಸರ್?’ ಅಂತ ಡಾಕ್ಟರನ್ನೇ ಕೇಳಿ. ತಪ್ಪಿಲ್ಲ.

ಎಂ.ಆರ್.ಐ. ಜಾಸ್ತಿ ದುಡ್ಡಿಂದು, ಅದೇ ಒಳ್ಳೇದಲ್ವಾ?

ದುಡ್ಡು ಜಾಸ್ತಿ ಅಂದಮಾತ್ರಕ್ಕೆ ಜಾಸ್ತಿ ಕಾಣುತ್ತದೆ ಅಂತಲ್ಲ. ಎಂ.ಆರ್.ಐ. ನಾರು, ಮಜ್ಜೆ, ನೀರು ತೋರಿಸುವುದರಲ್ಲಿ ಗಟ್ಟಿಗ. ಮೂಳೆ ಚೂರಿನ ಅಂಚು ತೋರಿಸುವುದರಲ್ಲಿ ಸಿ.ಟಿ.ಯೇ ಮುಂದು.

ರೇಡಿಯೇಷನ್ ಬೀಳುತ್ತಲ್ಲ, ಏನೂ ಆಗಲ್ವಾ?

ಬೀಳುತ್ತದೆ. ಎಷ್ಟು ಅನ್ನುವುದು ಮುಖ್ಯ. ಪಾದದ ಸಿ.ಟಿ.ಗೆ ಇಡೀ ದೇಹದ ಲೆಕ್ಕದಲ್ಲಿ ಬರುವುದು ಸಾಮಾನ್ಯವಾಗಿ 0.1 ಮಿಲಿಸೀವರ್ಟ್ (ರೇಡಿಯೇಷನ್ ಅಳೆಯುವ ಮಾಪ) ಒಳಗೆ. ಮಣ್ಣು, ಕಲ್ಲು, ಆಕಾಶದಿಂದ ನಮಗೆಲ್ಲ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಹೇಗೂ ಬೀಳುತ್ತಿರುತ್ತದೆ. ಅಂದರೆ ಎರಡು ವಾರ ಸುಮ್ನೆ ಮನೆಯಲ್ಲಿ ಕೂತ ಲೆಕ್ಕ. ಎದೆ, ಹೊಟ್ಟೆಯ ಸಿ.ಟಿ.ಗೆ ಇದರ ಹತ್ತಾರು ಪಟ್ಟು. ಪಾದದಲ್ಲಿ ರೇಡಿಯೇಷನ್‌ಗೆ ಬೇಗ ಹಾನಿಯಾಗುವ ಅಂಗಗಳು ಇಲ್ಲದಿರುವುದು ನಮ್ಮ ಪುಣ್ಯ.

ಗರ್ಭಿಣಿಯರು ಮೊದಲೇ ಹೇಳಿಬಿಡಿ. ಹೊಟ್ಟೆ ಮಿಷನ್ನಿನಿಂದ ದೂರ ಇರುತ್ತದೆ, ಮಗುವಿಗೆ ತಾಗುವುದು ತೀರಾ ಕಡಿಮೆ. ಆದರೂ ಹೇಳಿದರೆ ಇನ್ನಷ್ಟು ಎಚ್ಚರ ವಹಿಸಬಹುದು.

ಖಾಲಿ ಹೊಟ್ಟೇಲಿ ಬರಬೇಕಾ? ಕಟ್ಟು ಬಿಚ್ಚಬೇಕಾ?

ತಿಂಡಿ ತಿಂದುಕೊಂಡೇ ಬನ್ನಿ. ಇದಕ್ಕೆ ಬಣ್ಣದ ಇಂಜೆಕ್ಷನ್ ಇಲ್ಲ. ಸ್ಲ್ಯಾಬ್, ಅಂದರೆ ಪ್ಲಾಸ್ಟರ್ ಕಟ್ಟು, ಹಾಕಿದ್ದರೆ ಹಾಗೇ ಇರಲಿ, ಅದು ಅಡ್ಡಿಯಲ್ಲ. ಮಲಗಿ, ಕಾಲು ನೀಡಿ, ಅಲ್ಲಾಡದೆ ಇದ್ದರೆ ಸ್ಕ್ಯಾನ್ ಒಂದು ನಿಮಿಷದೊಳಗೆ ಮುಗಿಯುತ್ತದೆ. ಜಾಸ್ತಿ ಹೊತ್ತು ಹಿಡಿಯುವುದು ವೀಲ್‌ಚೇರಿನಿಂದ ಮಂಚಕ್ಕೆ ಹತ್ತಿಸುವುದಕ್ಕೆ.

ಕಾಲುಂಗುರ, ಗೆಜ್ಜೆ ತೆಗೆಯಬೇಕು. ಮುತ್ತೈದೆಯರು ಕಾಲುಂಗುರ ತೆಗೆಯಲು ಹಿಂಜರಿಯುತ್ತಾರೆ, ಜೊತೆಗೆ ಬಂದ ಅತ್ತೆಯವರು ಇನ್ನೂ ಜಾಸ್ತಿ. ಇದು ಬರೀ ಚಿತ್ರದ ಮಾತಲ್ಲ. ಮುರಿದ ಪಾದ ಒಂದೆರಡು ದಿನ ಊದುತ್ತಲೇ ಹೋಗುತ್ತದೆ. ಆಮೇಲೆ ಉಂಗುರ ಬೆರಳಿಗೆ ಬಿಗಿದು ಕತ್ತರಿಸಿಯೇ ತೆಗೆಯಬೇಕಾಗುತ್ತದೆ. ಇನ್ನೊಂದು ಕಾಲಿನದು ಇರಲಿ ಅಂತ ಒಪ್ಪಂದಕ್ಕೆ ಬರುತ್ತೇವೆ, ಆ ಕಾಲನ್ನು ಮಡಚಿ ದೂರ ಇಡಿಸಿ.

ಬಿದ್ದ ತಕ್ಷಣ ಮಾಡಿಸಬೇಕಾ, ಊತ ಇಳಿಯಲಿ ಅಂತ ಕಾಯಬೇಕಾ?

ಸ್ಕ್ಯಾನಿಗೆ ಊತ ಅಡ್ಡಿಯಿಲ್ಲ, ಬೇಗ ಆದಷ್ಟೂ ಒಳ್ಳೆಯದು. ಕಾಯಬೇಕಾಗಿರುವುದು ಆಪರೇಷನ್ನಿಗೆ. ಊದಿದ ಚರ್ಮ ಕುಯ್ದರೆ ಹೊಲಿಗೆ ಕೂಡುವುದಿಲ್ಲ, ಕೀವಾಗುತ್ತದೆ. ಪಾದದ ಹೊರಮಗ್ಗುಲಿನ ಚರ್ಮದಲ್ಲಿ ಮತ್ತೆ ನೆರಿಗೆ ಕಾಣುವವರೆಗೆ ಕಾಯುತ್ತಾರೆ. ಸಾಮಾನ್ಯವಾಗಿ ಒಂದರಿಂದ ಎರಡು ವಾರ. ಮೂರು ವಾರ ದಾಟಿದರೆ ಚೂರುಗಳು ಅಡ್ಡಾದಿಡ್ಡಿ ಅಂಟಿಕೊಳ್ಳಲು ಶುರುವಾಗಿ, ಬಿಡಿಸಿ ಕೂರಿಸುವುದು ಕಷ್ಟ. ಹಾಗಾಗಿ ‘ಆಪರೇಷನ್ ಇವತ್ತೇ ಯಾಕೆ ಮಾಡಲ್ಲ’ ಅಂತ ವಾರ್ಡಿನಲ್ಲಿ ಜಗಳ ಬೇಡ. ಕಾಲು ಎತ್ತರಕ್ಕಿಟ್ಟು ಮಲಗುವುದೂ ಚಿಕಿತ್ಸೆಯೇ.

ಕಾಯಬಾರದ ಸಂದರ್ಭಗಳೂ ಇವೆ. ಮೂಳೆ ಚರ್ಮ ಹರಿದು ಹೊರಗೆ ಬಂದಿದ್ದರೆ, ಮೇಲೆ ಹೇಳಿದ ಹಾಗೆ ಹಿಂದಿನ ಚರ್ಮ ಬಿಳುಚಿದ್ದರೆ, ಪಾದ ಕಲ್ಲಿನ ಹಾಗೆ ಬಿಗಿದು ಬೆರಳು ಅಲ್ಲಾಡಿಸಿದರೆ ತಡೆಯಲಾಗದ ನೋವು ಅಥವಾ ಜೋಮು ಇದ್ದರೆ, ಅದೇ ಗಂಟೆ ತುರ್ತು ವಿಭಾಗಕ್ಕೆ ಹೋಗಿ.

ಮುರಿದಿರೋದು ಕಾಲು. ಬೆನ್ನನ್ನ ಯಾಕೆ ನೋಡ್ತಾರೆ?

ಹಿಮ್ಮಡಿ ಮುರಿಯುವಷ್ಟು ಜೋರಾದ ಪೆಟ್ಟು ಅಲ್ಲಿಗೇ ನಿಲ್ಲುವುದಿಲ್ಲ. ಮೊಣಕಾಲು, ಸೊಂಟ, ಬೆನ್ನುಮೂಳೆವರೆಗೂ ಏರುತ್ತದೆ. ಇಂಥವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಬೆನ್ನುಮೂಳೆಯೂ ಜಜ್ಜಿರುತ್ತದೆ, ಹೆಚ್ಚಾಗಿ ಸೊಂಟದ ಭಾಗದಲ್ಲಿ. ಕಾಲು ನೋವಿನ ಅಬ್ಬರದಲ್ಲಿ ಬೆನ್ನು ನೋವು ಗೊತ್ತೇ ಆಗಿರುವುದಿಲ್ಲ. ಇನ್ನೊಂದು ಹಿಮ್ಮಡಿಯನ್ನೂ ಒತ್ತಿ ನೋಡಬೇಕು. ಎರಡೂ ಮುರಿದವರು ಅಪರೂಪವೇನಲ್ಲ. ಮರದಿಂದ ಬಿದ್ದವರನ್ನು ಕೈಕಾಲು ಹಿಡಿದು ಆಟೋಗೆ ಮಡಚಿ ತುಂಬಬೇಡಿ. ಹಲಗೆ ಅಥವಾ ಗಟ್ಟಿ ಮಂಚದ ಮೇಲೆ ಮಲಗಿಸಿ, 108ಕ್ಕೆ ಫೋನ್ ಮಾಡಿ.

ನಾಟಿ ಕಟ್ಟು ಕಟ್ಟಿಸಿದ್ರೆ ಸರಿಹೋಗಲ್ವಾ? ನಮ್ಮೂರಲ್ಲಿ ಚೆನ್ನಾಗಿ ಕಟ್ಟೋರಿದ್ದಾರೆ.

ನನ್ನ ಸೋದರಮಾವನ ಕಥೆ ಹೇಳುತ್ತೇನೆ. ನಾನಿನ್ನೂ ಓದುತ್ತಿದ್ದೆ. ಕಬ್ಬಿನ ಲೋಡಿನ ಮೇಲಿಂದ ಕೆಳಕ್ಕೆ ಹಾರಿದರು. ಹತ್ತಿರದ ಒಂದು ಕ್ಲಿನಿಕ್ಕಿನಲ್ಲಿ ಒಂದೇ ಒಂದು ಎಕ್ಸ್‌ರೇ ತೆಗೆದು ಉಳುಕು ಅಂದರು, ಮಾತ್ರೆ ಕೊಟ್ಟರು. ನೋವು ಹೋಗಲಿಲ್ಲ. ಮನೆಯವರು ಕಟ್ಟು ಕಟ್ಟಿಸಿದರು. ಕಟ್ಟುವ ಮುಂಚೆ ಎಣ್ಣೆ ಹಾಕಿ ಚೆನ್ನಾಗಿ ನೀವಿದ್ದೂ ಆಯಿತು. ಐದು ವಾರದ ಮೇಲೆ ಮೈಸೂರಿಗೆ ಕರೆತಂದಾಗ ಸಿ.ಟಿ. ಮಾಡಿದರು. ಮೂಳೆ ಕೂಡಿತ್ತು. ಕುಸಿದ ಜಾಗದಲ್ಲೇ, ಕುಸಿದ ಹಾಗೇ ಕೂಡಿತ್ತು.

ಅವರಿಗೆ ಅದು ಅರ್ಥವಾಗಲು ವರ್ಷ ಹಿಡಿಯಿತು. ‘ಕೂಡಿದೆ ಅಂತೀಯ, ಮತ್ತೆ ಯಾಕವ್ವಾ ನೋವು?’ ಅಂತ ನನ್ನನ್ನೇ ಕೇಳುತ್ತಿದ್ದರು. ಹಿಮ್ಮಡಿ ಅಗಲವಾಗಿ ಹಳೆ ಚಪ್ಪಲಿ ಹಿಡಿಸುತ್ತಿರಲಿಲ್ಲ. ಗದ್ದೆ ಬದುವಿನ ಮೇಲೆ ನಡೆಯಲು ಆಗುತ್ತಿರಲಿಲ್ಲ. ಕೊನೆಗೆ ಕೀಲು ಬೆಸೆಯುವ ಆಪರೇಷನ್ ಮಾಡಿಸಿದ ಮೇಲೆ ನೋವು ಇಳಿಯಿತು.

ಮುಂಗೈ ಮೂಳೆ ಸರಿಯದೆ ಬಿರುಕು ಬಿಟ್ಟಿದ್ದರೆ ಯಾರು ಕಟ್ಟಿದರೂ ಕೂಡಬಹುದು. ಆ ನಂಬಿಕೆ ಸುಮ್ಮನೆ ಹುಟ್ಟಿಲ್ಲ. ಹಿಮ್ಮಡಿಯ ಸಮಸ್ಯೆ ಕೂಡುವುದಲ್ಲ, ಒಳಗಡೆ ರಕ್ತ ಚೆನ್ನಾಗಿ ಹರಿಯುವ ಮೂಳೆ ಅದು, ತಾನಾಗೇ ಕೂಡುತ್ತದೆ. ಹೇಗೆ ಕೂಡುತ್ತದೆ ಅನ್ನುವುದೇ ಸಮಸ್ಯೆ. ಹೊರಗಿನಿಂದ ಎಷ್ಟು ಬಿಗಿದರೂ ಒಳಗೆ ಕುಸಿದ ಕೀಲಿನ ಚೂರು ಮೇಲೇಳುವುದಿಲ್ಲ. ನೀವುವುದು, ಬಿಸಿ ಶಾಖ ಕೊಡುವುದು ಮೊದಲ ದಿನಗಳಲ್ಲಿ ಊತ ಜಾಸ್ತಿ ಮಾಡುತ್ತದೆ. ಬಿಗಿ ಕಟ್ಟು ರಕ್ತ ನಿಲ್ಲಿಸಬಹುದು. ಕಟ್ಟಿಸಲೇಬೇಕು ಅಂತ ಮನೆಯ ಹಿರಿಯರು ಹಟ ಹಿಡಿದರೆ, ಮೊದಲು ಎಕ್ಸ್‌ರೇ ಮತ್ತು ಮೂಳೆ ಡಾಕ್ಟರ್ ಅನ್ನುವ ಷರತ್ತಾದರೂ ಹಾಕಿ.

ಸಿ.ಟಿ.ಯಲ್ಲಿ ಕೀಲು ಮುರಿದಿದೆ ಅಂತ ಬಂದರೆ ಆಪರೇಷನ್ ಖಾಯಂ ಅಲ್ವಾ?

ಅಲ್ಲ. ನಾನು ಚಿತ್ರ ಓದುವವಳು, ಕಾಲು ಕುಯ್ಯುವವಳಲ್ಲ. ಆದರೂ ಗೊತ್ತಿರುವುದು ಹೇಳುತ್ತೇನೆ. ಇದು ಮೂಳೆ ಡಾಕ್ಟರುಗಳ ನಡುವೆಯೇ ಹಳೆಯ ವಾದ. ಬ್ರಿಟನ್ನಿನ 22 ಆಸ್ಪತ್ರೆಗಳಲ್ಲಿ 151 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಆಪರೇಷನ್, ಇನ್ನೊಂದಕ್ಕೆ ಆಪರೇಷನ್ ಇಲ್ಲದ ಚಿಕಿತ್ಸೆ ಕೊಟ್ಟು ನೋಡಿದರು. 2014ರಲ್ಲಿ ಫಲಿತಾಂಶ ಬಂತು. ಎರಡು ವರ್ಷದ ಮೇಲೆ ನೋವು, ಓಡಾಟದಲ್ಲಿ ಎರಡೂ ಗುಂಪಿಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಆಪರೇಷನ್ ಆದವರಿಗೆ ಗಾಯದ ತೊಂದರೆಗಳು ಜಾಸ್ತಿ ಇದ್ದವು. ಆದರೆ ಹಿಮ್ಮಡಿ ತೀರಾ ವಿಕಾರವಾದವರನ್ನು ಆ ಅಧ್ಯಯನಕ್ಕೆ ಸೇರಿಸಿರಲಿಲ್ಲ. ಅದನ್ನು ಹಿಡಿದುಕೊಂಡು ಯಾರಿಗೂ ಆಪರೇಷನ್ ಬೇಡ ಅನ್ನುವುದೂ ತಪ್ಪಾಗುತ್ತದೆ.

ಅಂದರೆ ಮನುಷ್ಯ ನೋಡಿ ತೀರ್ಮಾನ. ಮೂವತ್ತು ವರ್ಷದ ಗಾರೆ ಕೆಲಸದವನ ಟೈಪ್ 2 ಬೇರೆ, ಅರವತ್ತೈದರ ಸಕ್ಕರೆ ಕಾಯಿಲೆಯವರ ಟೈಪ್ 4 ಬೇರೆ. ಬೀಡಿ, ಸಿಗರೇಟು ಸೇದುವವರಿಗೆ ಗಾಯ ಕೂಡದೆ ಕೀವಾಗುವ ಭಯ ಜಾಸ್ತಿ. ಡಾಕ್ಟರು ‘ಬೀಡಿ ಬಿಟ್ಟರೆ ಮಾತ್ರ ಕುಯ್ಯುತ್ತೇನೆ’ ಅಂದರೆ ಅದು ಬೈಗುಳವಲ್ಲ. ಈಗ ಉದ್ದ ಗಾಯದ ಬದಲು ಸಣ್ಣ ಗಾಯದಲ್ಲಿ, ಕೆಲವೊಮ್ಮೆ ಬರೀ ಸ್ಕ್ರೂ ಹಾಕಿ ಮುಗಿಸುವವರಿದ್ದಾರೆ. ಸಣ್ಣ ಗಾಯದಲ್ಲಿ ಕಣ್ಣಿಗೆ ಕಾಣುವುದು ಕಡಿಮೆ. ಹಾಗಾಗಿ ಮೊದಲೇ ಸಿ.ಟಿ. ನೋಡಿ ಯಾವ ಚೂರು ಎಲ್ಲಿದೆ ಅಂತ ತಲೆಯಲ್ಲಿ ಕೂರಿಸಿಕೊಂಡಿರಬೇಕು.

ಎಲ್ಲಿ ಮಾಡಿಸಬೇಕು? ಖರ್ಚು?

ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ, ನಮ್ಮ ಬಾಯಲ್ಲಿ ದೊಡ್ಡಾಸ್ಪತ್ರೆ, ಮೈಸೂರು ಮೆಡಿಕಲ್ ಕಾಲೇಜಿಗೆ ಸೇರಿದ್ದು. ಮಂಡ್ಯದಲ್ಲಿ ಮಿಮ್ಸ್, ಅಂದರೆ ಮಂಡ್ಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಇದೆ. ಎರಡೂ ಸರ್ಕಾರಿ, ಎರಡರಲ್ಲೂ ಮೂಳೆ ವಿಭಾಗ ಇದೆ. ಖಾಸಗಿ ಸೆಂಟರುಗಳ ರೇಟು ಒಂದಕ್ಕೊಂದು ಬೇರೆ, ಹೋಗುವ ಮೊದಲು ಫೋನ್ ಮಾಡಿ ಕೇಳಿ. ಬಿ.ಪಿ.ಎಲ್. ಕಾರ್ಡ್ ಇದ್ದವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ನೆರವಿದೆ. ಯಾವ ಚಿಕಿತ್ಸೆಗೆ ಎಷ್ಟು, ರೆಫರಲ್ ಪತ್ರ ಬೇಕಾ ಅನ್ನುವುದನ್ನು ಆಸ್ಪತ್ರೆಯಲ್ಲಿರುವ ಯೋಜನೆಯ ಸಹಾಯಕರಾದ ಆರೋಗ್ಯ ಮಿತ್ರರ ಹತ್ತಿರ ಕೇಳಿ. ರೇಷನ್ ಕಾರ್ಡು, ಆಧಾರ್ ಜೊತೆಗಿರಲಿ.

ಫಿಲಂ ಜೊತೆ ಸಿ.ಡಿ. ಕೇಳಿ ಪಡೆಯಿರಿ. ಫಿಲಂನಲ್ಲಿ ಆಯ್ದ ಕೆಲವು ಚಿತ್ರ ಮಾತ್ರ ಇರುತ್ತವೆ. ಸಿ.ಡಿ.ಯಲ್ಲಿ ಪೂರ್ತಿ ಸ್ಕ್ಯಾನ್ ಇರುತ್ತದೆ, ಇನ್ನೊಬ್ಬ ಡಾಕ್ಟರಿಗೆ ತೋರಿಸುವಾಗ ಮತ್ತೆ ಸ್ಕ್ಯಾನ್ ಮಾಡಿಸುವ ಖರ್ಚು ಉಳಿಯುತ್ತದೆ. ಫಿಲಂನ ಫೋಟೋ ತೆಗೆದು ಮೊಬೈಲಿನಲ್ಲಿ ಕಳಿಸಿ ‘ನೋಡಿ ಹೇಳಿ ಮೇಡಂ’ ಅನ್ನುತ್ತಾರೆ. ಅದರಲ್ಲಿ ನನಗೆ ಕಾಣುವುದು ಟ್ಯೂಬ್‌ಲೈಟಿನ ಪ್ರತಿಬಿಂಬ.

ಮಕ್ಕಳಿಗೆ?

ಮಕ್ಕಳಲ್ಲಿ ಈ ಮುರಿತ ಕಡಿಮೆ, ಮುರಿದರೂ ಬಹುತೇಕ ಆಪರೇಷನ್ ಇಲ್ಲದೆ ವಾಸಿಯಾಗುತ್ತದೆ. ಬೆಳೆಯುವ ವಯಸ್ಸಿನಲ್ಲಿ ಹಿಮ್ಮಡಿಯ ಹಿಂತುದಿ ಎಕ್ಸ್‌ರೇಯಲ್ಲಿ ಬೇರೆ ಚೂರಿನ ಹಾಗೆ ಕಾಣುತ್ತದೆ. ಅದು ಬೆಳವಣಿಗೆಯ ಭಾಗ, ಮುರಿತವಲ್ಲ.

ಪ್ಲೇಟ್ ಹಾಕಿದ ಮೇಲೂ ಸಿ.ಟಿ. ಮಾಡಬಹುದಾ?

ಮಾಡಬಹುದು. ಲೋಹದ ಸುತ್ತ ಬಿಳಿ ಕಪ್ಪು ಗೆರೆಗಳು ಚಿಮ್ಮಿ ಚಿತ್ರ ಸ್ವಲ್ಪ ಕೆಡುತ್ತದೆ, ಅದನ್ನು ಕಡಿಮೆ ಮಾಡುವ ಸಾಫ್ಟ್‌ವೇರ್ ಇದೆ. ಎಲ್ಲರಿಗೂ ಬೇಕಿಲ್ಲ. ನೋವು ಬಿಡದಿದ್ದಾಗ, ಸ್ಕ್ರೂ ತುದಿ ಕೀಲಿನೊಳಗೆ ಹೋಗಿದೆಯಾ ಅನ್ನುವ ಅನುಮಾನವಿದ್ದಾಗ ಕೇಳುತ್ತಾರೆ.

ಯಾವಾಗ ಕಾಲೂರಬಹುದು? ಮತ್ತೆ ಮರ ಹತ್ತಬಹುದಾ?

ಕಾಲೂರುವುದಕ್ಕೆ ಸಾಮಾನ್ಯವಾಗಿ 8ರಿಂದ 12 ವಾರ. ಅಲ್ಲಿಯವರೆಗೆ ವಾಕರ್. ದಿನ ಹೇಳುವುದು ನಿಮ್ಮ ಡಾಕ್ಟರು, ಪಕ್ಕದ ಮನೆಯವರಲ್ಲ. ಕೂತು ಮಾಡುವ ಕೆಲಸಕ್ಕೆ ಬೇಗ ಹೋಗಬಹುದು. ಗಾರೆ ಕೆಲಸ, ಗದ್ದೆ ಕೆಲಸಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಊತ, ಬಿಗಿತ ವರ್ಷದವರೆಗೂ ಸ್ವಲ್ಪ ಸ್ವಲ್ಪ ಇಳಿಯುತ್ತಾ ಹೋಗುತ್ತದೆ.

ಮರ ಹತ್ತುವ ಪ್ರಶ್ನೆಯನ್ನು ಮದ್ದೂರಿನ ಕಡೆಯ ಒಬ್ಬರು ಸ್ಕ್ಯಾನ್ ಮಂಚದ ಮೇಲೆ ಮಲಗಿಕೊಂಡೇ ಕೇಳಿದ್ದರು. ತೆಂಗಿನ ಮರಕ್ಕೆ ಹತ್ತುವಾಗ ಎರಡೂ ಅಂಗಾಲನ್ನು ಒಳಕ್ಕೆ ತಿರುಗಿಸಿ ಕಾಂಡವನ್ನು ಅಪ್ಪಿ ಹಿಡಿಯಬೇಕು. ಪಾದವನ್ನು ಹಾಗೆ ಒಳಕ್ಕೂ ಹೊರಕ್ಕೂ ವಾಲಿಸುವ ಕೀಲು ಇದೇ, ಸಬ್‌ಟೇಲಾರ್. ಗಿಣ್ಣಿನ ಕೀಲು ಮೇಲೆ ಕೆಳಗೆ ಮಾತ್ರ ಆಡುತ್ತದೆ. ಹಾಸು ಸರಿಯಾಗಿ ಕೂತಿದ್ದರೂ ಆ ವಾಲಾಟ ಪೂರ್ತಿ ವಾಪಸು ಬರುವುದು ಕಡಿಮೆ. ಟಾರು ರಸ್ತೆಯಲ್ಲಿ ನಡೆಯುವಾಗ ಗೊತ್ತಾಗದ ಕೊರತೆ ಬದುವಿನ ಮೇಲೆ, ಮರದ ಮೇಲೆ ಗೊತ್ತಾಗುತ್ತದೆ. ಅವರಿಗೆ ಅವರ ಚಿತ್ರವನ್ನೇ ತೋರಿಸಿ ಇಷ್ಟನ್ನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಂಗಾದ್ರೆ ಕಾಯಿ ಕೀಳೋ ಮಿಷನ್ ಎಲ್ಲಿ ಸಿಗ್ತದೆ ಮೇಡಂ’ ಅಂದರು. ಕಾಲಲ್ಲಿ ತುಳಿದು ಹತ್ತುವ ಮಿಷನ್ ಬೇಡ, ನೆಲದ ಮೇಲೆ ನಿಂತೇ ಉದ್ದನೆಯ ಕೊಕ್ಕೆಯಿಂದ ಕೀಳುವುದನ್ನು ನೋಡಿ ಅಂದೆ.